ಮಷಿನ್ನಿಗೊಂದು ಕೌದಿ

ನನಗೆ ಹೇಸಿಗೆ ಬೇಗ ಆಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಗೂ ಸುರಪುರದ ನಮ್ಮ ಓಣಿಗೆಲ್ಲ ಗೊತ್ತಿರುವ ವಿಷಯ. ಕಿರಾಣಿ ಅಂಗಡಿಯವನು ಕ್ಯಾರಿಬ್ಯಾಗಿನ ಬಾಯಿ ಬಿಡಿಸಲು ಅದರೊಳಗೆ ಉಫ್ ಎಂದು ಊದಿದರೆ ಸಾಮಾನು ಅಲ್ಲೇ ಬಿಟ್ಟು ಬರುತ್ತೇನೆ. ಮದುವೆ ಊಟದಲ್ಲಿ ಪಕ್ಕದವರು ಬೆರಳು ನೆಕ್ಕಿದ ಸದ್ದು ಕೇಳಿದರೆ ನನ್ನ ಊಟ ಮುಗಿದಂತೆಯೇ. "ಇಕಿ ಗುಡಿಯಾಗಿನ ತೀರ್ಥನೂ ಸೋಸಿ ಕುಡ್ಯಾಕಿ" ಎಂದು ನಮ್ಮ ಅತ್ತೆ ಬಂದವರೆದುರು ನಗೆಯಾಡುತ್ತಿದ್ದರು. ನಾನೂ ನಗುತ್ತಿದ್ದೆ. ಅದರಲ್ಲಿ ನನಗೆ ಒಳಗೊಳಗೇ ಜಂಬವೂ ಇತ್ತು.

ಅಂಥವಳ ಹೊಲಿಗೆ ಮಷಿನ್ನಿನ ಮೇಲೆ ಬಸ್ಸಿನಲ್ಲಿ ಒಂದು ಮಗು ವಾಂತಿ ಮಾಡಿತು.

ಮಷಿನ್ ನನ್ನ ತವರು ವನದುರ್ಗದಿಂದ ಬಂದದ್ದು. ಕಪ್ಪು ಬಣ್ಣದ ಕೈ ಮಷಿನ್. ಕಾಲಿನಿಂದ ತುಳಿಯುವುದಲ್ಲ, ಬಲಗೈಯಿಂದ ಹಿಡಿಕೆ ತಿರುಗಿಸಿ ಹೊಲಿಯುವಂಥದ್ದು. ಅದರ ಚಕ್ರ ಬಿಗಿಯಾಗಿತ್ತೆಂದು ಶಹಾಪುರದ ಮಿಸ್ತ್ರಿಗೆ ತೋರಿಸಿ ವಾಪಸು ತರುತ್ತಿದ್ದೆ. ಎಲ್ಲರಂತೆ ನಾನೂ ಅದನ್ನು ಯೂರಿಯಾ ಗೊಬ್ಬರದ ಖಾಲಿ ಚೀಲದಲ್ಲಿ ಹಾಕಿ, ಬಾಯಿಗೆ ಸುತಳಿ ಬಿಗಿದು, ಕಾಲ ಬಳಿ ಇಟ್ಟುಕೊಂಡಿದ್ದೆ. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ನಮ್ಮ ಬಸ್ಸುಗಳಲ್ಲಿ ಉಸಿರಾಡಲಿಕ್ಕೂ ಜಾಗ ಹುಡುಕಬೇಕು. ಎದುರು ನಿಂತಿದ್ದ ತಾಯಿಯ ಹೆಗಲ ಮೇಲಿನ ಮಗು ಯಾವುದೋ ಮದುವೆಯ ಬೂಂದಿ, ಅನ್ನ, ಸಾರು ಎಲ್ಲವನ್ನೂ ನನ್ನ ಚೀಲದ ಮೇಲೆ ಸುರಿಯಿತು. "ಸಣ್ಣ ಕೂಸರಿ, ಏನ್ ಮಾಡಾಕ ಬರ್ತದ" ಎಂದಳು ತಾಯಿ, ಸೆರಗಿನಿಂದ ಮಗುವಿನ ಬಾಯಿ ಒರೆಸುತ್ತಾ. ನನ್ನ ಮಷಿನ್ನಿನ ಬಾಯಿ ಯಾರು ಒರೆಸಬೇಕು? ಗೊಬ್ಬರದ ಚೀಲಕ್ಕೆ ಮೈಯೆಲ್ಲ ತೂತು. ಮನೆಗೆ ಬಂದು ಬಿಚ್ಚಿ ನೋಡಿದರೆ ಸೂಜಿಯ ಬುಡದಲ್ಲಿ ಅನ್ನದ ಅಗುಳು. ಹಳೆಯ ಹಲ್ಲುಜ್ಜುವ ಬ್ರಷ್ಷು, ಬೆಂಕಿಕಡ್ಡಿ, ಮಷಿನ್ ಎಣ್ಣೆ ಹಿಡಿದು ಎರಡು ದಿನ ತಿಕ್ಕಿದೆ. ಮೂಗಿಗೆ ಸೆರಗು ಕಟ್ಟಿಕೊಂಡು ತಿಕ್ಕಿದೆ. ಆಮೇಲೂ ಒಂದು ವಾರ ಹಿಡಿಕೆ ತಿರುಗಿಸಿದಾಗಲೆಲ್ಲ ನನಗೆ ಹುಳಿ ವಾಸನೆ ಬಂದಂತೆಯೇ ಆಗುತ್ತಿತ್ತು.

ಇದಾಗಿ ತಿಂಗಳು ಕಳೆದಿರಲಿಲ್ಲ, ಯಾದಗಿರಿಯ ಒಂದು ಹೊಲಿಗೆ ತರಬೇತಿ ಕೇಂದ್ರದಿಂದ ಕರೆಪತ್ರ ಬಂತು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಒಂದು ದಿನದ ಪರೀಕ್ಷೆ. ಅವರೆದುರೇ ಹೊಲಿದು ತೋರಿಸಬೇಕು, ಮಷಿನ್ ನಾವೇ ತರಬೇಕು.

ಆ ಕೆಲಸ ನನಗೆ ಯಾಕೆ ಬೇಕಿತ್ತು ಎಂದು ಹೇಳಿದರೆ ನಗಬೇಡಿ. ಹದಿನೈದು ವರ್ಷ ಮನೆಯಲ್ಲಿ ಕೂತು ಓಣಿಯ ಹೆಂಗಸರ ರವಿಕೆ, ನಮ್ಮ ಮಾತಿನಲ್ಲಿ ಜಂಪರು, ಹೊಲಿದಿದ್ದೇನೆ. ಹೊಸದು ಹೊಲಿಸಲು ಬರುವವರು ಅಳತೆಗೆಂದು ಹಳೆಯದೊಂದು ತರುತ್ತಾರೆ. ಅದನ್ನು ಒಗೆದು ತರಬೇಕು ಅನ್ನುವ ಜ್ಞಾನ ಒಬ್ಬರಿಗೂ ಇಲ್ಲ. ಹತ್ತಿ ಬಿಡಿಸಿ ಬಂದವರು ಅದೇ ಮೈಯಿಂದ ಕಳಚಿ, ಉಂಡೆ ಮಾಡಿ, "ತಗೋರಿ ಅಳತಿ ಜಂಪರ್" ಎಂದು ನನ್ನ ತೊಡೆಯ ಮೇಲೆ ಒಗೆಯುತ್ತಾರೆ. ಕಂಕುಳಲ್ಲಿ ಬೆವರು ಒಣಗಿ ಉಪ್ಪಿನ ಗೆರೆ ಎದ್ದಿರುತ್ತದೆ, ಟೇಪು ಹಿಡಿಯಬೇಕಾದದ್ದೂ ಸರಿಯಾಗಿ ಅಲ್ಲೇ. ಉಸಿರು ಕಟ್ಟಿ ಹಿಡಿದು ಅಳತೆ ತೆಗೆದು, ಎದ್ದು ಹೋಗಿ ಸೋಪಿನಿಂದ ಕೈ ತೊಳೆದು ಬರುತ್ತೇನೆ. ದಿನಕ್ಕೆ ಐದಾರು ಸಲ. ತರಬೇತಿ ಕೇಂದ್ರದಲ್ಲಿ ಹಾಗಲ್ಲ. ಹೊಸ ಬಟ್ಟೆ, ಒಂದು ಕರಿಹಲಗೆ, ಕೂರಲು ಕುರ್ಚಿ. ಅಳತೆ ಅಂದರೆ ಹಲಗೆಯ ಮೇಲೆ ಬರೆದ ಅಂಕಿ, ಅಷ್ಟೇ. ಬೇರೆಯವರ ಬೆವರು ಮುಟ್ಟದೆ ಹೊಲಿಗೆಯಲ್ಲೇ ಬದುಕುವ ದಾರಿ ನನಗೆ ಕಂಡದ್ದು ಅದೊಂದೇ.

"ಬೆವರು ಬರದ ಮೈ ಎಲ್ಲಿ ಅದವ್ವ" ಎಂದು ಅತ್ತೆ ಅನ್ನುತ್ತಿದ್ದರು. ಆದರೂ ಆ ಕೆಲಸ ನನಗೆ ಸಿಗಬೇಕೆಂದು ನನಗಿಂತ ಹೆಚ್ಚು ಆಸೆಪಟ್ಟವರು ಅವರೇ. ಪತ್ರ ಬಂದ ದಿನವೇ ಓಣಿಯಲ್ಲಿ "ನಮ್ಮ ಸೊಸಿ ಟೀಚರ್ ಆಗ್ತಾಳ" ಎಂದು ಸಾರಿ ಬಂದಿದ್ದರು.

ಈ ಸಲ ಗೊಬ್ಬರದ ಚೀಲದಲ್ಲಿ ಒಯ್ಯುವುದಿಲ್ಲ ಎಂದು ಶಪಥ ಮಾಡಿದೆ. ಮಷಿನ್ನಿನ ಮೈಗೆ ಸರಿಯಾಗಿ ಒಂದು ದಪ್ಪನೆಯ ಕವರು ಹೊಲಿಯುವುದು. ಕೆಳಗೆ ಮೆತ್ತನೆಯ ಬುಡ, ನಾಲ್ಕು ಗೋಡೆ, ಮೇಲೆ ಮುಚ್ಚಳ, ಹೆಗಲಿಗೆ ಪಟ್ಟಿ. ಹೊರಗೆ ಕತ್ತರಿ, ಟೇಪು, ಬಾಬಿನ್ ಇಡಲು ಒಂದು ಜೇಬು, ಒಳಗೊಂದು ಸಣ್ಣ ಜೇಬು. ಬಸ್ಸು ಎಷ್ಟು ಕುಲುಕಿದರೂ ಪೆಟ್ಟಾಗಬಾರದು, ಯಾರು ಏನು ಕಕ್ಕಿದರೂ ಒಳಗೆ ಇಳಿಯಬಾರದು. ಹೊರಮೈಗೆ ಅತ್ತೆಯ ಹಳೆಯ ಇಳಕಲ್ ಸೀರೆ, ನಡುವೆ ಮಾವನವರ ಧೋತರ ಮತ್ತು ಒಂದು ಚಾದರ, ಒಳಮೈಗೆ ಮಾತ್ರ ಹೊಸ ಬಿಳಿ ಬಟ್ಟೆ. ಹಳೆಯದನ್ನೆಲ್ಲ ಸೋಡಾ ಹಾಕಿ ಮೂರು ಸಲ ಕುದಿಸಿದೆ.

"ಸೀರಿ ಸತ್ತು ಹೋಗ್ಯಾದ, ಇನ್ನ ತಗಿ ಒಲಿಮ್ಯಾಲಿಂದ" ಎಂದರು ಅತ್ತೆ.

ಅಷ್ಟು ಪದರವನ್ನು ನನ್ನ ಮಷಿನ್ ನುಂಗಲಿಲ್ಲ. ಎರಡು ಸೂಜಿ ಮುರಿದವು. ಅತ್ತೆ ಕಣ್ಣೀರು ಬರುವಷ್ಟು ನಕ್ಕರು. "ನಿನ್ನ ಕೌದಿ ನೀನೇ ಹೊಲ್ಕೋ ಅಂದ್ರ ಅದು ಹೊಲ್ಕೊಂತದೇನು? ತಾ ಇಲ್ಲಿ" ಎಂದು ಬಟ್ಟೆಯನ್ನು ತಮ್ಮ ತೊಡೆಗೆ ಎಳೆದುಕೊಂಡರು. ಒಂದು ಕಾಲಕ್ಕೆ ನಮ್ಮ ಓಣಿಯ ಕೌದಿಗಳೆಲ್ಲ ಅವರ ಕೈಯವೇ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ, ಆ ಹೊದಿಕೆಗೆ ಮೂವತ್ತು ವರ್ಷ ಸಾವಿಲ್ಲ. ಈಗ ಕಣ್ಣು ಮಂಜು. ಆದರೂ ಬೆರಳಿಗೆ ದಾರಿ ಗೊತ್ತಿತ್ತು.

ಅವರು ಕೂತದ್ದೇ ನನ್ನ ಕಷ್ಟ ಸುರುವಾಯಿತು. ನಮ್ಮ ಅತ್ತೆಯ ಬಾಯಲ್ಲಿ ಎಲೆಅಡಿಕೆ, ತಂಬಾಕು ಸದಾ ಇರುವುದೇ. ಸೂಜಿಗೆ ದಾರ ಪೋಣಿಸಬೇಕಾದಾಗಲೆಲ್ಲ ಅದರ ತುದಿಯನ್ನು ಬಾಯಲ್ಲಿಟ್ಟು, ನಾಲಿಗೆಯಿಂದ ಚೂಪು ಮಾಡಿ ಹೊರಗೆಳೆಯುತ್ತಾರೆ. ಬಿಳಿ ದಾರದ ತುದಿ ಕೆಂಪಾಗಿ ಹೊರಬರುತ್ತದೆ. ಆ ಎಂಜಲು ದಾರ ನನ್ನ ಹೊಸ ಬಿಳಿ ಬಟ್ಟೆಯೊಳಗೆ ಮುಳುಗಿ ಏಳುವುದನ್ನು ನಾನು ನೋಡುತ್ತಾ ಕೂರಬೇಕು. ನನ್ನಲ್ಲಿ ದಾರ ಪೋಣಿಸುವ ಸಣ್ಣ ತಂತಿ ಇತ್ತು, ಸೂಜಿಯ ಕಣ್ಣಿಗೆ ತೂರಿಸಿ ದಾರ ಎಳೆದರೆ ಆಯಿತು. ತಂದು ಕೊಟ್ಟೆ.

"ಇದರಾಗ ಹಾಕ್ರಿ ಅತ್ತಿ, ಕಣ್ಣಿಗಿ ತ್ರಾಸ ಆಗಲ್ಲ."

"ಬಾಯಿ ಇದ್ದಮ್ಯಾಲ ತಂತಿ ಯಾಕ ಬೇಕು?" ಎಂದು ಅದನ್ನು ಪಕ್ಕಕ್ಕಿಟ್ಟು ಮತ್ತೆ ದಾರ ನೆಕ್ಕಿದರು.

ನಾನು ಎದ್ದು ಹಿತ್ತಲಿಗೆ ಹೋದೆ. ನನ್ನ ಕಷ್ಟ ಅವರ ಕಣ್ಣಿನದಲ್ಲ, ನನ್ನ ಹೊಟ್ಟೆಯದು ಅನ್ನುವುದು ಅವರಿಗೆ ತಿಳಿದಿತ್ತೋ ಇಲ್ಲವೋ, ಆಗ ನಾನು ಯೋಚಿಸಲಿಲ್ಲ.

ಮೂರು ದಿನ ಹೊಲಿದರು. ಮಷಿನ್ನಿಗೆ ತೊಡಿಸಿ ನೋಡುವುದು, ಬಿಚ್ಚುವುದು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಬಟ್ಟೆಯ ಮೇಲಿಂದಲೇ ಸವರಿ ನೋಡುವುದು. ಕೊನೆಗೆ ಬುಡದ ಒಂದು ಮೂಲೆ ಮಾತ್ರ ಮುಚ್ಚದೆ ಬಿಟ್ಟರು. ಆಗ ಸುರುವಾಯಿತು ನಮ್ಮ ಜಗಳ.

ನಮ್ಮ ಕಡೆ ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ತುತ್ತು ಇಟ್ಟು ಹೊಲಿದುಬಿಡುತ್ತಾರೆ. ರೊಟ್ಟಿಯ ಚೂರೋ, ಹೋಳಿಗೆಯ ಚೂರೋ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ತಾನೇ ಹಸಿದ ಕೌದಿ ಹೊದ್ದವರನ್ನು ಹೇಗೆ ಬೆಚ್ಚಗಿಟ್ಟೀತು ಎಂಬ ನಂಬಿಕೆ. ಕೇಳಲು ಚೆಂದ. ವನದುರ್ಗದಲ್ಲಿ ನಾನು ಸಣ್ಣವಳಿದ್ದಾಗ ಹೊದೆಯುತ್ತಿದ್ದ ಕೌದಿಯ ಹೊಟ್ಟೆಯನ್ನೂ ಯಾರೋ ಹೋಳಿಗೆಯಿಂದ ತುಂಬಿಸಿದ್ದರು. ಒಂದು ಮುಂಜಾನೆ ಎದ್ದು ನೋಡಿದರೆ ನನ್ನ ಕಿವಿಯ ಪಕ್ಕದ ಮೂಲೆಯನ್ನು ಇಲಿ ಕಡಿದು ತೂತು ಮಾಡಿತ್ತು, ದಿಂಬಿನ ಮೇಲೆ ಅದರ ಹಿಕ್ಕೆ. ನನ್ನ ಹೇಸಿಗೆ ಹುಟ್ಟಿದ್ದು ಬಹುಶಃ ಆ ದಿಂಬಿನ ಮೇಲೆಯೇ.

"ಬ್ಯಾಡ್ರಿ ಅತ್ತಿ. ಇರುವಿ ಬರ್ತಾವ, ಇಲಿ ಬರ್ತಾವ. ಪರೀಕ್ಷಾಕ್ಕ ಒಯ್ಯೋ ವಸ್ತು ಅದು."

"ಕೌದಿ ಉಪಾಸ ಇಡಬಾರದವ್ವ."

"ಇದು ಕೌದಿ ಅಲ್ರಿ, ಕವರು."

"ಹೊಲದಾಕಿ ನಾ. ಕೌದಿ ಹೊಲದಂಗ ಹೊಲದೀನಿ."

"ಅದರಾಗ ಒಂದು ಅಗುಳು ಇಟ್ರೂ ನಾ ಒಯ್ಯಂಗಿಲ್ಲ ನೋಡ್ರಿ. ಹೊಲಸು ಪದ್ಧತಿ!"

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಆಮೇಲೆ "ಆತು ಬಿಡು" ಎಂದರು. ನಾನು ನೀರು ತುಂಬಲು ಹೋಗಿ ಬರುವಷ್ಟರಲ್ಲಿ ಮೂಲೆ ಮುಚ್ಚಿತ್ತು.

ಪರೀಕ್ಷೆಯ ಹಿಂದಿನ ಸಂಜೆಯೇ ಮಷಿನ್ನಿಗೆ ಕವರು ತೊಡಿಸಿ ಬಾಗಿಲ ಪಕ್ಕ ಇಟ್ಟೆ. ಮನಸ್ಸಿಲ್ಲದ ಮನಸ್ಸಿನಿಂದ ಹೇಳುತ್ತೇನೆ, ಅದು ಚೆಂದ ಆಗಿತ್ತು. ಸಾಲುಸಾಲು ಹೊಲಿಗೆ, ಅಂಚಿಗೆ ಸೀರೆಯ ದಡಿ. ಅತ್ತೆ ಕಾಗದದಲ್ಲಿ ಎರಡು ಶೇಂಗಾ ಹೋಳಿಗೆ ಸುತ್ತಿ ಕೊಟ್ಟರು. "ಶಹಾಪುರದಾಗ ಬಸ್ ನಿಂತಾಗ ತಿನ್ನು. ಖಾಲಿ ಹೊಟ್ಟೀಲೆ ಮಷಿನ್ ತಿರುಗಸಬ್ಯಾಡ" ಎಂದರು. ಬೆಳಿಗ್ಗೆ ಮರೆತೇನು ಎಂದು ಅದನ್ನು ಆಗಲೇ ಒಳಜೇಬಿಗೆ ತುರುಕಿದೆ.

ತಿನ್ನಲಿಲ್ಲ. ಶಹಾಪುರದ ಬಸ್ ನಿಲ್ದಾಣದಲ್ಲಿ ನನ್ನ ಕಿಟಕಿಯ ಕೆಳಗೆ ಒಬ್ಬ ನಿಂತು, ಗೋಡೆಗೆ ಮುಖ ಮಾಡಿ ತನ್ನ ಕೆಲಸ ಮುಗಿಸಿ, ಅದೇ ಕೈಯಿಂದ ಭಜಿ ಕೊಂಡು ತಿಂದ. ಬಸ್ಸು ಹೊರಟ ಮೇಲೆ ಮುಂದಿನ ಸೀಟಿನವನು ಕಿಟಕಿಯಿಂದ ಗುಟ್ಕಾ ಉಗುಳಿದ. ಗಾಳಿ ಅದನ್ನು ಹಾಗೇ ತಿರುಗಿಸಿ ತಂದು ನನ್ನ ತೋಳಿಗೆ ಎರಚಿತು. ಜಗಳವಾಡಿದೆ. "ಗಾಳಿಗಿ ಹೇಳ್ರಿ ಅಕ್ಕೋರೆ" ಎಂದ. ಭೀಮಾ ಸೇತುವೆ ದಾಟುವವರೆಗೂ ತೋಳನ್ನು ಮೈಯಿಂದ ದೂರ ಹಿಡಿದುಕೊಂಡು ಕೂತಿದ್ದೆ. ಹೋಳಿಗೆ ಇದೆ ಅನ್ನುವುದೇ ನೆನಪಿಗೆ ಬರಲಿಲ್ಲ.

ಕೇಂದ್ರದಲ್ಲಿ ಎಂಟು ಹೆಂಗಸರು. ಸಾಲಾಗಿ ಮೇಜು. ಬಿಳಿ ಬಟ್ಟೆಯಲ್ಲಿ ಎಳೆಗೂಸಿನ ಜಬಲಾ ಅಂಗಿ ಕತ್ತರಿಸಿ ಹೊಲಿಯಬೇಕು. ಪರೀಕ್ಷೆ ಮಾಡುವ ಮೇಡಂ ಇಸ್ತ್ರಿ ಮುರಿಯದ ಸೀರೆ ಉಟ್ಟಿದ್ದರು, ಕೈಯಲ್ಲಿ ಒಗೆದ ಕರವಸ್ತ್ರ. ನನಗೆ ನೋಡಿದ್ದೇ ಇಷ್ಟವಾದರು. ಉಳಿದವರೆಲ್ಲ ಗೊಬ್ಬರದ ಚೀಲ, ಅಕ್ಕಿ ಚೀಲ ಬಿಚ್ಚುತ್ತಿದ್ದರೆ ನಾನು ನನ್ನ ಕವರಿನ ಮುಚ್ಚಳ ತೆಗೆದು ಮಷಿನ್ನನ್ನು ಮೇಲೆತ್ತಿದೆ. "ಕವರ್ ಛಲೋ ಹೊಲದೀರಿ" ಎಂದರು ಮೇಡಂ, ಹತ್ತಿರ ಬಂದು.

ಆಗ ಇರುವೆಗಳು ಕಂಡವು.

ಕೆಂಪಿರುವೆ. ಹತ್ತಿಪ್ಪತ್ತಲ್ಲ. ಹಿಡಿಕೆಯ ಮೇಲೆ, ಚಕ್ರದ ಕಡ್ಡಿಗಳ ಮೇಲೆ, ಸೂಜಿಯ ಕಂಬದ ಸುತ್ತ, ಎಲ್ಲೆಲ್ಲೂ. ಕವರಿನ ಒಳಗಿನ ಬಿಳಿ ಬಟ್ಟೆ ಜುಮುಜುಮು ಅಲ್ಲಾಡುತ್ತಿತ್ತು. ನನ್ನ ಕೈಯ ಮೇಲೆ ಹತ್ತಿದವು, ಕುಬಸದ ತೋಳಿನೊಳಗೆ ಹೋದವು. ಕವರನ್ನು ಪಡಸಾಲೆಗೆ ಎಸೆದು ಬಂದೆ. ಮಷಿನ್ ಒರೆಸಿದೆ, ಊದಿದೆ. ಹೌದು, ಬಾಯಿಂದಲೇ ಊದಿದೆ. ಹೊಲಿಯಲು ಕೂತರೆ ಬಾಬಿನ್ ಸಂದಿಯಿಂದ ಮತ್ತೆ ಹೊರಬಂದವು, ಹೊಲಿಗೆಯ ಕೆಳಗೆ ಸಿಕ್ಕಿ ಅರೆದುಹೋದವು. ಎಳೆಗೂಸಿನ ಜಬಲಾದ ಕತ್ತಿನ ಸುತ್ತ ಕಂದು ಚುಕ್ಕೆ.

ಮೇಡಂ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಆ ಹಿಡಿಯುವ ರೀತಿ ನನಗೆ ಚೆನ್ನಾಗಿ ಗೊತ್ತು. ಅಳತೆ ಜಂಪರು ನಾನು ಹಿಡಿಯುವುದೂ ಹಾಗೆಯೇ. ಕರವಸ್ತ್ರ ಮೂಗಿಗೆ ಹೋಯಿತು.

"ಹೊಲಿಗಿ ಛಲೋ ಅದರಿ ನಿಮ್ಮದು. ಖರೇ ಹುಡುಗ್ಯಾರಿಗಿ ನಾವು ಮೊದಲ ಕಲಸೋದು ಸ್ವಚ್ಛತಾ. ಅದು ಟೀಚರಿಗೇ ಇಲ್ಲಂದ್ರ ಹೆಂಗರಿ?"

ನನಗೆ! ಸ್ವಚ್ಛತೆ ಇಲ್ಲ ಎಂದು ನನಗೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನೊಬ್ಬಳು ಆಯ್ಕೆಯಾದಳು ಎಂದು ಸಂಜೆಗೇ ಹೇಳಿದರು. ಗೊಬ್ಬರದ ಚೀಲದಲ್ಲಿ ಮಷಿನ್ ತಂದವಳು.

ಅದೇ ಕವರನ್ನು ಒದರಿ ಮಷಿನ್ ತುಂಬಿಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಯಾವ ವಾಸನೆಯೂ ತಿಳಿಯಲಿಲ್ಲ, ಅಷ್ಟು ಸಿಟ್ಟು. ಆ ಮೂಲೆ! ನಾನು ನೀರಿಗೆ ಹೋದಾಗ ಮುಚ್ಚಿದ ಆ ಮೂಲೆ. ಬೇಡ ಅಂದರೂ ಒಳಗೆ ಏನೋ ತುರುಕಿದ್ದಾರೆ. ಹದಿನೈದು ವರ್ಷದ ಬೆವರಿಗೆ ನಾನು ಮತ್ತೆ ಹೋಗಿ ಕೂರಬೇಕು, ಒಂದು ತುತ್ತು ಹೋಳಿಗೆಯ ದೆಸೆಯಿಂದ.

ಮನೆ ತಲುಪಿದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದ ಮನೆಯಾಕೆಯೂ ಇದ್ದಳು. "ಬಂದೇನವ್ವ? ಆತೇನು?" ಎಂದು ಎದ್ದರು. ನಾನು ಮಷಿನ್ ಹೊರಗೆ ತೆಗೆದಿಟ್ಟು, ಕವರನ್ನು ಅವರ ಕಾಲ ಬಳಿ ಬೋರಲು ಹಾಕಿದೆ, ಜೇಬಿನಿಂದ ಕತ್ತರಿ ಎಳೆದೆ.

"ಆತ್ರಿ. ನಿಮ್ಮ ಕೈಲೇ ಆತು. ಹೊಲಸು ಬಾಯಿ, ಹೊಲಸು ಕೈ! ಉಗುಳು ಹಚ್ಚಿ ಹೊಲದ್ರಿ, ಸುಮ್ಮನಿದ್ದೆ. ಒಂದು ಮಾತು ಹೇಳಿದ್ದೆ, ಅದೂ ಕೇಳಲಿಲ್ಲ. ಹೇಸಿಗಿ ಬರ್ತದ ನನಗ ನಿಮ್ಮನ್ನ ನೋಡಿದ್ರ!"

ಪಕ್ಕದ ಮನೆಯಾಕೆ ಎದ್ದು ಹೋದಳು. ನಾನು ಒಂದು ಮೂಲೆ ಹರಿದೆ. ಬರೀ ಬಟ್ಟೆ. ಎರಡನೆಯದು, ಮೂರನೆಯದು, ಬರೀ ಬಟ್ಟೆ. ನಾಲ್ಕನೆಯದರಲ್ಲಿ ಕತ್ತರಿಗೆ ಏನೋ ಸಿಕ್ಕಿ ಗರಗರ ಅಂದಿತು. "ನೋಡ್ರಿ!" ಎಂದು ಬೆರಳು ಹಾಕಿ ಹೊರಗೆಳೆದೆ.

ಒಣಗಿದ ಬೇವಿನ ಎಲೆ. ಒಂದು ಹಿಡಿಯಷ್ಟು. ಒಂದೇ ಒಂದು ಇರುವೆಯೂ ಅದರ ಹತ್ತಿರ ಇರಲಿಲ್ಲ.

ಅತ್ತೆ ನಿಧಾನವಾಗಿ ಹೇಳಿದರು: "ಖಾಲಿ ಹೊಟ್ಟಿ ಬಿಡಾಕ ಮನಸಾಗಲಿಲ್ಲವ್ವ. ನೀ ಇರುವಿಗಿ ಹೇಸ್ತಿ. ಅದಕ್ಕ ಬೇವಿನ ತಪ್ಪಲ ತಿನ್ನಿಸಿನಿ. ಇರುವಿ ಬರಬಾರದಂತ."

ನಾನು ಎಲೆ ಹಿಡಿದುಕೊಂಡೇ ನಿಂತಿದ್ದೆ.

"ನಾ ಕೊಟ್ಟ ಹೋಳಿಗಿ ತಿಂದಿ?"

ನನ್ನ ಕಣ್ಣು ಕವರಿನ ಕಡೆ ಹೋಯಿತು. ಅವರೇ ಬಗ್ಗಿ ಕವರಿನ ಒಳಜೇಬಿಗೆ ಕೈ ಹಾಕಿ ಪೊಟ್ಟಣ ಹೊರತೆಗೆದರು. ಎಣ್ಣೆ ಹೀರಿದ ಕಾಗದ, ಅದರ ತುಂಬ ಕೆಂಪಿರುವೆ, ಬೆಲ್ಲ ಕರಗಿ ಬಿಳಿ ಬಟ್ಟೆಗೆ ಅಂಟಿತ್ತು. ಇರುವೆ ಅವರ ಮಣಿಕಟ್ಟಿನವರೆಗೆ ಹತ್ತಿದವು, ಅವರು ಝಾಡಿಸಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವುದು ಅನ್ನುತ್ತಾರಲ್ಲ, ಆ ಹೆಗ್ಗಣ ಹೀಗಿರುತ್ತದೆ ಎಂದು ಅಂದು ಕಣ್ಣಾರೆ ಕಂಡೆ. ಅಷ್ಟು ಹೇಸಿಗೆ ನನಗೆ ಬಸ್ಸಿನಲ್ಲಾಗಲಿ, ಜಂಪರಿನ ಕಂಕುಳಲ್ಲಾಗಲಿ ಎಂದೂ ಆಗಿರಲಿಲ್ಲ. ಕೈ ತೊಳೆದರೆ ಹೋಗುವ ಹೇಸಿಗೆಯೂ ಅಲ್ಲ ಅದು.

"ತಪ್ಪಾತ್ರಿ ಅತ್ತಿ" ಎಂದೆ.

"ಇರಲಿ ತಗಿ. ಮುಂಜಾನಿಂದ ಏನೂ ತಿಂದಿಲ್ಲ, ಉಣ್ಣು ನಡಿ" ಎಂದು ಪೊಟ್ಟಣವನ್ನು ತಿಪ್ಪೆಗೆ ಒಯ್ದರು.

ಹರಿದ ನಾಲ್ಕು ಮೂಲೆಗಳನ್ನು ಮರುದಿನ ನಾನೇ ಹೊಲಿದೆ. ಬೇವಿನ ಎಲೆಯನ್ನು ಇದ್ದಲ್ಲೇ ಇಟ್ಟೆ. ಹೊಲಿಗೆ ಒರಟಾಗಿದೆ, ಅವರದಕ್ಕೂ ನನ್ನದಕ್ಕೂ ಇರುವ ಅಂತರ ಕುರುಡರಿಗೂ ಕೈಗೆ ಸಿಗುತ್ತದೆ. ಜಂಪರುಗಳು ಮತ್ತೆ ಬರುತ್ತಿವೆ, ಒಗೆಯದೆಯೇ. ನಾನು ಮೂಗು ಮುರಿಯುವುದು ನಿಂತಿದೆ ಎಂದು ಸುಳ್ಳು ಹೇಳುವುದಿಲ್ಲ.

ಛಳಿ ಸುರುವಾದಾಗ ಅತ್ತೆ ಇನ್ನೊಂದು ಕೌದಿ ಹಾಸಿಕೊಂಡು ಕೂತರು. ದಾರ ಕತ್ತರಿಸಿ ಕೈಯಲ್ಲಿ ಹಿಡಿದು, "ಆ ತಂತಿ ಎಲ್ಲಿ ಇಟ್ಟಿದಿ?" ಎಂದು ಕೇಳಿದರು. ತಂದು ಕೊಟ್ಟೆ. ಮಂಜುಗಣ್ಣಿಗೆ ಸೂಜಿಯ ಕಣ್ಣೂ ಕಾಣದು, ತಂತಿಯೂ ಕಾಣದು. ಒಂದು ಸಲ ಜಾರಿತು, ಎರಡು ಸಲ, ಮೂರು ಸಲ. ನನಗೆ ನೋಡಲಾಗಲಿಲ್ಲ.

"ಬಾಯಾಗ ಇಟ್ಕೋರಿ ಅತ್ತಿ, ಜಲ್ದಿ ಹೋಗ್ತದ" ಎಂದೆ.

"ಬ್ಯಾಡವ್ವ" ಎಂದರು, ತಲೆ ಎತ್ತದೆ, ತುಟಿ ಬಿಗಿದುಕೊಂಡೇ.